ಇಸಿಜಿ ಸರಿಯಿತ್ತು, ಕೈ ಮಾತ್ರ ಮುದುರಿತ್ತು: ಗಾಬರಿ ದೇಹವನ್ನು ಹಿಡಿದ ಒಂದು ಪ್ರಕರಣ

2025ರ ಜೂನ್ ಮತ್ತು ಜುಲೈಯಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿಗಳು ಒಂದರ ಹಿಂದೊಂದು ಬಂದವು. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ರಚಿಸಿತು. ಮೈಸೂರಿನ ಜಯದೇವದ ಮುಂದೆ ಬೆಳಗಿನ ಜಾವಕ್ಕೇ ಜನ ಸಾಲು ನಿಂತರು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಬೆಂಗಳೂರಿನಲ್ಲೂ ಹೀಗೇ ಆಗಿತ್ತು. ಆ ಸಾಲುಗಳಲ್ಲಿ ನಿಜವಾದ ಹೃದ್ರೋಗಿಗಳು ಇದ್ದರು, ಬರೀ ಅನುಮಾನಕ್ಕೆ ಬಂದವರೂ ಇದ್ದರು. ಇವೆರಡರ ನಡುವೆ ಮೂರನೆಯ ಗುಂಪೊಂದಿತ್ತು. ಅವರ ಹೃದಯ ಚೆನ್ನಾಗಿತ್ತು, ಆದರೆ ದೇಹದಲ್ಲಿ ಏನೋ ಆಗಿದ್ದು ಸುಳ್ಳಲ್ಲ. ಈ ಪ್ರಕರಣ ಅಂಥವರದ್ದು. ಒಬ್ಬರ ಗುರುತು ಸಿಗಬಾರದೆಂದು ಇಂಥ ಹಲವು ಪ್ರಕರಣಗಳಲ್ಲಿ ಕಾಣುವ ವಿವರಗಳನ್ನು ಒಬ್ಬನೇ ರೋಗಿಯ ಕಥೆಯಾಗಿ ಹೆಣೆದಿದೆ.

ರೋಗಿ 36ರ ಗಂಡಸು. ಹಾಸನದ ಕಡೆಯ ಒಂದು ತಾಲ್ಲೂಕಿನವನು, ಸ್ವಂತ ಲಗೇಜ್ ಗಾಡಿ ಓಡಿಸುತ್ತಾನೆ. ಶುಂಠಿ ಮೂಟೆ ತುಂಬಿಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ವಾರಕ್ಕೆ ಮೂರು ಟ್ರಿಪ್. ಗಾಡಿ ಸಾಲದ ಎರಡು ಕಂತು ಬಾಕಿ ಬಿದ್ದಿತ್ತು. ದಿನಕ್ಕೆ ಆರು ಕಾಫಿ, ಐದು ಗಂಟೆ ನಿದ್ದೆ, ಬಾಯಲ್ಲಿ ಸದಾ ಎಲೆ ಅಡಿಕೆ ಹೊಗೆಸೊಪ್ಪು. ತಂದೆ 61ಕ್ಕೆ ಹೃದಯಾಘಾತದಲ್ಲಿ ಹೋಗಿದ್ದರು. ಹಿಂದಿನ ಒಂದೂವರೆ ತಿಂಗಳಲ್ಲಿ ಎದೆ ಚುಚ್ಚುತ್ತದೆಂದು ಎರಡು ಕ್ಲಿನಿಕ್‌ಗೆ ಹೋಗಿ ಬಂದಿದ್ದ. ಎರಡು ಕಡೆಯೂ ಒಂದೇ ಮಾತು: "ಏನೂ ಇಲ್ಲ, ಗ್ಯಾಸು." ಜೊತೆಗೆ ಹೊಟ್ಟೆಯ ಆಮ್ಲ ಇಳಿಸುವ ಪ್ಯಾಂಟೊಪ್ರಜೋಲ್ ಮಾತ್ರೆ.

ಆ ರಾತ್ರಿ

ಜುಲೈ ಮೊದಲ ವಾರ. ಮುದ್ದೆ ಊಟ ಮುಗಿಸಿ ಹನ್ನೊಂದೂ ಕಾಲಿಗೆ ಎಡ ಮಗ್ಗುಲಾಗಿ ಮಲಗಿ ಮೊಬೈಲ್ ನೋಡುತ್ತಿದ್ದ. ನೋಡುತ್ತಿದ್ದದ್ದು ಅದೇ ಸುದ್ದಿ, ಅದೇ ಸಾವಿನ ವಿಡಿಯೊ. 11.40ಕ್ಕೆ ಎದೆಯೊಳಗೆ ಒಂದು ಬಡಿತ ತಪ್ಪಿ, ಮುಂದಿನದು ಧಡ್ ಎಂದು ಬಂತು. ಇದು ಎಕ್ಸ್‌ಟ್ರಾ ಬೀಟ್. ಆರೋಗ್ಯವಂತರಲ್ಲೂ ಬರುವಂಥದ್ದು, ಕಾಫಿ ಜಾಸ್ತಿಯಾದಾಗ ಮತ್ತು ನಿದ್ದೆ ಕೆಟ್ಟಾಗ ಕೆಲವರಿಗೆ ಹೆಚ್ಚು. ಎಡ ಮಗ್ಗುಲಾದರೆ ಹೃದಯ ಎದೆಗೋಡೆಗೆ ಒತ್ತಿಕೊಳ್ಳುವುದರಿಂದ ಚೆನ್ನಾಗಿ ತಿಳಿಯುತ್ತದೆ. ಬೇರೆ ದಿನವಾಗಿದ್ದರೆ ಮಗ್ಗುಲು ಬದಲಿಸಿ ಮಲಗುತ್ತಿದ್ದ. ಅಂದು ಎದ್ದು ಕೂತ.

ಮುಂದಿನ ಅರ್ಧ ಗಂಟೆಯಲ್ಲಿ ಅವನು ಮಾಡಿದ ಎರಡು ಕೆಲಸವನ್ನು ಬಿಡಿಸಿ ನೋಡಬೇಕು. ಎರಡನ್ನೂ ಕಲಿಸಿದ್ದು ವಾಟ್ಸ್‌ಆ್ಯಪ್.

ಮೊದಲನೆಯದು ಕೆಮ್ಮು. "ಒಬ್ಬರೇ ಇದ್ದಾಗ ಹಾರ್ಟ್ ಅಟ್ಯಾಕ್ ಆದರೆ ಆಳವಾಗಿ ಉಸಿರೆಳೆದು ಜೋರಾಗಿ ಕೆಮ್ಮಿ, ಎರಡು ಸೆಕೆಂಡಿಗೊಮ್ಮೆ" ಎಂಬ ಮೆಸೇಜ್ ಬಹಳ ವರ್ಷದಿಂದ ಸುತ್ತುತ್ತಿದೆ. ಹೃದಯಾಘಾತಕ್ಕೆ ಅದು ಮದ್ದಲ್ಲ. ಲೆಕ್ಕ ಹಾಕಿದರೆ ಅದು ನಿಮಿಷಕ್ಕೆ 30 ಆಳವಾದ ಉಸಿರು. ಸುಮ್ಮನೆ ಕೂತ ಮನುಷ್ಯನಿಗೆ 12ರಿಂದ 20 ಸಾಕು. ಹೆಚ್ಚಾದ ಪ್ರತಿ ಉಸಿರೂ ರಕ್ತದಿಂದ ಇಂಗಾಲದ ಡೈಆಕ್ಸೈಡ್ ಅನ್ನು ತೊಳೆದು ಹೊರಹಾಕುತ್ತದೆ. ಅದು ಇಳಿದರೆ ರಕ್ತದ ಕ್ಷಾರತೆ ಏರುತ್ತದೆ. ಆಗ ರಕ್ತದಲ್ಲಿ ಬಿಡಿಯಾಗಿ ಓಡಾಡುವ ಕ್ಯಾಲ್ಸಿಯಂನ ಒಂದು ಪಾಲು ಆಲ್ಬುಮಿನ್ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಬಿಡಿ ಕ್ಯಾಲ್ಸಿಯಂ ಕಡಿಮೆಯಾದಾಗ ನರಗಳು ಕೆರಳುತ್ತವೆ: ತುಟಿಯ ಸುತ್ತ ಜುಮ್ಮೆನ್ನುತ್ತದೆ, ಬೆರಳ ತುದಿಗೆ ಜೋಮು ಹಿಡಿಯುತ್ತದೆ, ಕೊನೆಗೆ ಕೈ ತಾನಾಗಿ ಮುದುರುತ್ತದೆ. ಇತ್ತ ಮಿದುಳಿನ ರಕ್ತನಾಳಗಳೂ ಸಂಕುಚಿಸುವುದರಿಂದ ತಲೆ ತೇಲಿದಂತಾಗುತ್ತದೆ, ಸುತ್ತಲಿನದೆಲ್ಲ ದೂರವಾದಂತೆ ಕಾಣುತ್ತದೆ. ಇಷ್ಟಾದರೂ ಆಮ್ಲಜನಕ ತುಂಬಿರುತ್ತದೆ. ಆದರೆ ರೋಗಿಗೆ ಉಸಿರು ಸಾಲದು ಅನ್ನಿಸುತ್ತದೆ, ಮತ್ತೂ ಜೋರಾಗಿ ಎಳೆಯುತ್ತಾನೆ.

ಎರಡನೆಯದು "ಹಾರ್ಟ್ ಕಿಟ್". ಪ್ಲಾಸ್ಟಿಕ್ ಪೊಟ್ಟಣದಲ್ಲಿ ಆಸ್ಪಿರಿನ್, ಕೊಲೆಸ್ಟ್ರಾಲ್ ಮಾತ್ರೆ, ಸಾರ್ಬಿಟ್ರೇಟ್. ಆ ವಾರ ಊರಲ್ಲಿ ಅನೇಕರ ಜೇಬಲ್ಲಿ ಇದಿತ್ತು. 75 ಮಿಲಿಗ್ರಾಂನ ಎರಡು ಆಸ್ಪಿರಿನ್ ಅಗಿದ, 5 ಮಿಲಿಗ್ರಾಂ ಸಾರ್ಬಿಟ್ರೇಟ್ ನಾಲಗೆ ಕೆಳಗಿಟ್ಟ. ಆಸ್ಪಿರಿನ್‌ನಿಂದ ಇವನಿಗೆ ತೊಂದರೆಯಾಗಲಿಲ್ಲ. ಸಾರ್ಬಿಟ್ರೇಟ್ ರಕ್ತನಾಳಗಳನ್ನು ಸಡಿಲಿಸುತ್ತದೆ, ಕೆಲವೇ ನಿಮಿಷದಲ್ಲಿ ಬಿಪಿ ಇಳಿಸುತ್ತದೆ. ಬಿಪಿ ಇಳಿದದ್ದನ್ನು ಸರಿದೂಗಿಸಲು ಹೃದಯ ಇನ್ನಷ್ಟು ವೇಗವಾಗಿ ಬಡಿಯುತ್ತದೆ, ತಲೆ ಸಿಡಿಯುತ್ತದೆ. ಮೊದಲೇ ಓಡುತ್ತಿದ್ದ ಎದೆ ಹಾರತೊಡಗಿತು. ಬಾಗಿಲ ಹತ್ತಿರ ನಿಂತವನು ಕಣ್ಣು ಕತ್ತಲೆ ಬಂದು ಕುಸಿದ. ಮನೆಯವರ ಕಣ್ಣಿಗೆ ಇದು ಹೃದಯಾಘಾತವೇ ಆಗಿತ್ತು, ಜೊತೆಗೆ ಕೈ ಸೊಟ್ಟಗಾದದ್ದಕ್ಕೆ ಲಕ್ವವೂ.

ತಾಲ್ಲೂಕು ಆಸ್ಪತ್ರೆ, 12.15

ನಾಡಿ 124. ಮಲಗಿದಾಗ ಬಿಪಿ 108/70, ಎದ್ದು ಕೂರಿಸಿದಾಗ 92/60. ಉಸಿರು ನಿಮಿಷಕ್ಕೆ 30. ಆಮ್ಲಜನಕ 99 ಶೇಕಡಾ. ಸಕ್ಕರೆ 132. ಮೈ ತಣ್ಣಗೆ, ಬೆವರು.

"ಕೈ ನೋಡಿ ಡಾಕ್ಟ್ರೇ, ಹೆಂಗ್ ಮುದುರ್ಕೊಂಡ್ಬಿಟ್ಟಿದೆ" ಎಂದು ಹೆಂಡತಿ ಅವನ ಬಲಗೈ ಎತ್ತಿ ಹಿಡಿದಳು. ಐದೂ ಬೆರಳು ನೆಟ್ಟಗಾಗಿ ತುದಿಗಳು ಕೂಡಿಕೊಂಡಿದ್ದವು, ಹೆಬ್ಬೆರಳು ಒಳಕ್ಕೆ ಸೇರಿತ್ತು, ಮಣಿಕಟ್ಟು ಬಾಗಿತ್ತು. ತುತ್ತು ಎತ್ತುವಾಗ ಕೈ ಇರುತ್ತದಲ್ಲ, ಹಾಗೆ. ಬಿಪಿ ಪಟ್ಟಿ ಬಿಗಿದಷ್ಟೂ ಬೆರಳು ಇನ್ನಷ್ಟು ಗಟ್ಟಿಯಾಗುತ್ತಿತ್ತು. ಲಕ್ವದಲ್ಲಿ ಸಾಮಾನ್ಯವಾಗಿ ಒಂದು ಕಡೆ ಬಲ ಹೋಗಿ ಕೈ ಜೋತು ಬೀಳುತ್ತದೆ. ಇಲ್ಲಿ ಎರಡೂ ಕೈ ಒಂದೇ ಥರ ಬಿಗಿದಿತ್ತು, ಮಾತು ಸ್ಪಷ್ಟವಿತ್ತು, ಮುಖ ವಾಲಿರಲಿಲ್ಲ.

ಹಾಗೆಂದು ಕರ್ತವ್ಯದಲ್ಲಿದ್ದ ವೈದ್ಯೆ "ಗಾಬರಿ" ಎಂದು ಬರೆದು ಮುಗಿಸಲಿಲ್ಲ. 36 ವಯಸ್ಸು, ತಂಬಾಕು, ತಂದೆಯ ಇತಿಹಾಸ. ಇಂಥವನಿಗೆ ಗಾಬರಿಯೂ ಹೃದಯಾಘಾತವೂ ಒಂದೇ ರಾತ್ರಿ ಬರಬಹುದು. ಎದೆನೋವಿನವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು, ಇಲ್ಲಿ ಎಂಟನೇ ನಿಮಿಷಕ್ಕೆ ಆಯಿತು. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೊಡ್ಡ ಕೇಂದ್ರದ ತಜ್ಞರಿಗೆ ಕಳಿಸಿ ಅಭಿಪ್ರಾಯ ಪಡೆಯುವ ಏರ್ಪಾಡಿದೆ. ರಕ್ತನಾಳ ಮುಚ್ಚಿದ್ದು ಕಂಡರೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಕಳಿಸಿದ ಇಸಿಜಿಗೆ ಬಂದ ಉತ್ತರ: ಬಡಿತ ವೇಗವಾಗಿದೆ, ಲಯ ಸರಿಯಿದೆ, ಎಸ್‌ಟಿ ಭಾಗ ಏರಿಲ್ಲ. ಇಸಿಜಿ ಗೆರೆಯ ಆ ಭಾಗ ಏರಿದ್ದರೆ ಅದು ರಕ್ತನಾಳ ಮುಚ್ಚಿದ್ದರ ಸೂಚನೆ.

ಆ ಇಸಿಜಿಗೆ ಇನ್ನೊಂದು ಬೆಲೆಯೂ ಇದೆ. ಅದನ್ನು ತೆಗೆದದ್ದು ಗಾಬರಿ ನಡೆಯುತ್ತಿರುವಾಗಲೇ. ಎಸ್‌ವಿಟಿ ಎಂಬ ಲಯದ ತೊಂದರೆಯಲ್ಲಿ ಬಡಿತ ಸ್ವಿಚ್ ಹಾಕಿದಂತೆ ಒಮ್ಮೆಲೇ ಶುರುವಾಗಿ ಒಮ್ಮೆಲೇ ನಿಲ್ಲುತ್ತದೆ, ಸಾಮಾನ್ಯವಾಗಿ 150 ದಾಟಿರುತ್ತದೆ. ನಿಂತ ಮೇಲೆ ಇಸಿಜಿ ಮಾಡಿದರೆ ಎಲ್ಲವೂ ಸರಿ ಕಾಣುತ್ತದೆ, ರೋಗಿಗೆ, ಅದರಲ್ಲೂ ಹೆಂಗಸರಿಗೆ, "ಟೆನ್ಶನ್" ಎಂಬ ಹಣೆಪಟ್ಟಿ ಬೀಳುತ್ತದೆ. ಇವನ ಬಡಿತ ಮೆಲ್ಲಗೆ ಏರಿ ಮೆಲ್ಲಗೆ ಇಳಿಯಿತು.

ಇಳಿಸಿದ್ದು ಸಿಸ್ಟರ್. ಕಾಲು ಎತ್ತರಿಸಿ ಮಲಗಿಸಿದರು, ಸಲೈನ್ ಹಚ್ಚಿದರು, ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕೂತರು. "ಅಣ್ಣ, ದೊಡ್ಡ ಉಸಿರು ಬೇಡ, ಸಣ್ಣ ಉಸಿರು ಸಾಕು. ಬಾಯಿ ಮುಚ್ಚಿ. ಮೂಗಲ್ಲಿ ತಗೊಳಿ, ನಾಲ್ಕು ಎಣಿಸ್ತೀನಿ. ಬಿಡಿ, ಆರು ಎಣಿಸ್ತೀನಿ." ಸಾಮಾನ್ಯವಾಗಿ ತಪ್ಪುವುದು ಇಲ್ಲೇ. ಸುತ್ತ ನಿಂತವರು "ಆಳವಾಗಿ ಉಸಿರು ತಗೋ" ಎನ್ನುತ್ತಾರೆ, ಅದು ಉರಿಗೆ ಗಾಳಿ ಹಾಕಿದಂತೆ. ಪೇಪರ್ ಕವರ್ ಬಾಯಿಗೆ ಹಿಡಿಸುವುದೂ ತಪ್ಪು. ತೊಂದರೆ ನಿಜವಾಗಿ ಹೃದಯದ್ದೋ ಶ್ವಾಸಕೋಶದ್ದೋ ಆಗಿದ್ದರೆ ಆಮ್ಲಜನಕ ಕುಸಿದು ಪ್ರಾಣಕ್ಕೆ ಅಪಾಯ. ಏಳು ನಿಮಿಷಕ್ಕೆ ಹೆಬ್ಬೆರಳು ಹೊರಬಂತು. ಹನ್ನೆರಡನೇ ನಿಮಿಷಕ್ಕೆ ಅಂಗೈ ಬಿಚ್ಚಿಕೊಂಡಿತು. ಕ್ಯಾಲ್ಸಿಯಂ ಇಂಜೆಕ್ಷನ್ ಕೊಡಲಿಲ್ಲ, ಬೇಕಾಗಲೂ ಇಲ್ಲ.

ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ರಕ್ತದಲ್ಲಿ ನೋಡುವ ಟ್ರೋಪೋನಿನ್ ಪರೀಕ್ಷೆಯನ್ನು ಬಂದ ಕೂಡಲೇ ಮಾಡಿ "ನೆಗೆಟಿವ್, ಮನೆಗೆ ಹೋಗಿ" ಎನ್ನುವುದು ಇನ್ನೊಂದು ತಪ್ಪು. ಪೆಟ್ಟಾದರೂ ಸಾಮಾನ್ಯ ಕಾರ್ಡ್ ಪರೀಕ್ಷೆಯಲ್ಲಿ ಅದು ಕಾಣಲು ಕೆಲವು ಗಂಟೆ ಬೇಕು. ನೋವು ಶುರುವಾಗಿ ಆರು ಗಂಟೆಯಾದ ಮೇಲೆ, ಬೆಳಗಿನ 5.45ಕ್ಕೆ ಮಾಡಿದರು. ನೆಗೆಟಿವ್. ಮಧ್ಯೆ ಇನ್ನೆರಡು ಇಸಿಜಿ ಆಗಿದ್ದವು, ಬದಲಾವಣೆ ಇರಲಿಲ್ಲ.

"ಏನೂ ಇಲ್ಲ" ಎಂಬ ಮಾತು

ಬೆಳಿಗ್ಗೆ ವೈದ್ಯೆ ಹೇಳಿದ್ದು ಹೀಗೆ: "ಏನೂ ಆಗಿಲ್ಲ ಅಂತ ನಾನು ಹೇಳಲ್ಲ. ಆಗಿದೆ. ಏನಾಯ್ತು ಅಂತ ಹೇಳ್ತೀನಿ ಕೇಳಿ."

ಈ ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಹಾನಿ ಮಾಡಿದ್ದು "ಏನೂ ಇಲ್ಲ" ಎಂಬ ಎರಡು ಪದ. ಎದೆ ಹಾರಿದವನಿಗೆ, ಕೈ ಮುದುರಿದವನಿಗೆ ಏನೂ ಇಲ್ಲ ಎಂದರೆ ಅವನು ಎರಡೇ ಅರ್ಥ ಮಾಡಿಕೊಳ್ಳಬಲ್ಲ: ವೈದ್ಯರಿಗೆ ಸಿಕ್ಕಿಲ್ಲ, ಇಲ್ಲವೇ ತನಗೆ ಹುಚ್ಚು.

ಆದದ್ದು ಇಷ್ಟು. ಅಪಾಯವೆಂದು ಮಿದುಳಿಗೆ ಅನ್ನಿಸಿದ ಕೆಲವೇ ಸೆಕೆಂಡಿನಲ್ಲಿ ಮೂತ್ರಪಿಂಡಗಳ ಮೇಲೆ ಕೂತ ಅಡ್ರಿನಲ್ ಗ್ರಂಥಿಗಳು ರಕ್ತಕ್ಕೆ ಅಡ್ರಿನಲಿನ್ ಬಿಡುತ್ತವೆ. ಯಕೃತ್ತು ಸಕ್ಕರೆ ಸುರಿಯುತ್ತದೆ, ಹೊಟ್ಟೆಯ ಮತ್ತು ಚರ್ಮದ ರಕ್ತ ಸ್ನಾಯುಗಳ ಕಡೆ ಹರಿಯುತ್ತದೆ. ಹೊಟ್ಟೆಯಲ್ಲಿ ಸಂಕಟ, ಕೈಕಾಲು ತಣ್ಣಗಾಗುವುದು, ನಡುಕ ಎಲ್ಲಕ್ಕೂ ಇದೇ ಮೂಲ. ಅಡ್ರಿನಲಿನ್ ರಕ್ತದಲ್ಲಿ ಉಳಿಯುವುದು ಕೆಲವೇ ನಿಮಿಷ. ಹೊಸ ಹೆದರಿಕೆ ಸೇರದಿದ್ದರೆ ಬಿರುಗಾಳಿ ತಾನಾಗಿ ಇಳಿಯುತ್ತದೆ. ಒತ್ತಡದ ಇನ್ನೊಂದು ಹಾರ್ಮೋನು ಕಾರ್ಟಿಸಾಲ್ ನಿಧಾನದ್ದು, ಇಪ್ಪತ್ತು–ಮೂವತ್ತು ನಿಮಿಷಕ್ಕೆ ಮೇಲೇರುತ್ತದೆ. ಗಾಬರಿ ಇಳಿದ ಮೇಲೂ ಮೈ ಬಸವಳಿದು, ನಿದ್ದೆ ಮಾತ್ರ ಬಾರದಿರುವುದರಲ್ಲಿ ಅದರ ಪಾಲಿದೆ. ಎದೆ ಚುಚ್ಚಿದ್ದು ಪಕ್ಕೆಲುಬಿನ ನಡುವಿನ ಸ್ನಾಯುಗಳು ಸೆಳೆದಿದ್ದಕ್ಕೆ. ಅವನು ಒಂದೇ ಬೆರಳಿಂದ ಜಾಗ ತೋರಿಸಿದ, ಒತ್ತಿದರೆ ಅಲ್ಲೇ ನೋವು. 60 ಕೆಜಿಯ ಶುಂಠಿ ಮೂಟೆ ಹೊತ್ತು ಗಾಡಿಗೆ ಹಾಕುವಾಗ ಆ ನೋವು ಒಮ್ಮೆಯೂ ಬಂದಿರಲಿಲ್ಲ. ಹೃದಯದ ರಕ್ತನಾಳ ಕಟ್ಟಿದ ನೋವು ಸಾಮಾನ್ಯವಾಗಿ ಇದರ ತಿರುಗುಮುರುಗು: ಕೆಲಸ ಮಾಡಿದಾಗ ಬಂದು, ನಿಂತಾಗ ಇಳಿಯುತ್ತದೆ, ಅಂಗೈಯಗಲ ಜಾಗದಲ್ಲಿ ಹಿಂಡುತ್ತದೆ, ದವಡೆಗೆ, ಎಡ ತೋಳಿಗೆ ಹರಿಯುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಈ ಲೆಕ್ಕ ತಪ್ಪಬಹುದು. ಅದಕ್ಕೇ ಇಸಿಜಿ ಆಗದೆ ಮನೆಯಲ್ಲೇ ಕೂತು ತೀರ್ಮಾನಿಸುವ ವಿಷಯ ಇದಲ್ಲ.

ಒತ್ತಡದಿಂದ ಹೃದಯಕ್ಕೆ ಏನೂ ಆಗದು ಎಂಬುದೂ ಸುಳ್ಳೇ. ದೊಡ್ಡ ಆಘಾತದ ಸುದ್ದಿ ಕೇಳಿದ ಬೆನ್ನಿಗೆ ಹೃದಯದ ತುದಿ ಬಲೂನಿನಂತೆ ಉಬ್ಬಿ ದುರ್ಬಲವಾಗುವ ಟಾಕೊಟ್ಸುಬೊ ಎಂಬ ಕಾಯಿಲೆಯಿದೆ, ಮುಟ್ಟು ನಿಂತ ಹೆಂಗಸರಲ್ಲಿ ಹೆಚ್ಚು. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ ಹೃದಯಾಘಾತದ ಒಂಬತ್ತು ಮುಖ್ಯ ಕಾರಣಗಳಲ್ಲಿ ಮಾನಸಿಕ ಒತ್ತಡವನ್ನೂ ಎಣಿಸಿದೆ. ಅದು ವರ್ಷಗಟ್ಟಲೆ ನಡೆಯುವ ಸವೆತದ ಮಾತು. ಹಾಗಿದ್ದರೂ ಆ ರಾತ್ರಿ ಇವನಿಗಾದದ್ದು ಬೇರೆ.

ಆಮೇಲಿನ ಆರು ವಾರ

ವೈದ್ಯೆ ವಿವರಿಸಿದ್ದು ಸರಿಯಾಗಿಯೇ ಇತ್ತು. ಆದರೆ ರಾತ್ರಿಯೆಲ್ಲ ಎದ್ದಿದ್ದವನ ತಲೆಗೆ ಹೋದದ್ದು ಅರ್ಧ. ವಾರದೊಳಗೆ ಮೈಸೂರಿಗೆ ಹೋಗಿ ಹೃದಯದ ಸ್ಕ್ಯಾನ್ ಆದ ಎಕೊ ಮಾಡಿಸಿದ, ಹೃದಯದ ಪಂಪು 60 ಶೇಕಡಾ, ಸರಿಯಿದೆ. ಟ್ರೆಡ್‌ಮಿಲ್ ಮೇಲೆ ನಡೆಸುತ್ತ ಇಸಿಜಿ ನೋಡುವ ಟಿಎಂಟಿಯಲ್ಲಿ ಒಂಬತ್ತು ನಿಮಿಷ ನಡೆದ, ನೆಗೆಟಿವ್. ಥೈರಾಯ್ಡ್, ಹಿಮೋಗ್ಲೋಬಿನ್ ಸರಿ. ಈ ಎರಡನ್ನು ಒಮ್ಮೆ ನೋಡಲೇಬೇಕು. ಥೈರಾಯ್ಡ್ ಏರಿದರೂ ರಕ್ತ ಕಡಿಮೆಯಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ಟಿಎಂಟಿ ವರದಿ ಕೊಟ್ಟ ಧೈರ್ಯ ನಾಲ್ಕು ದಿನ ಬಾಳಿತು. ಐದನೇ ದಿನ, "ವರದಿ ಆದಮೇಲೆ ಬ್ಲಾಕ್ ಆಗಿದ್ದರೆ?"

ಬೆರಳಿಗೆ ಹಾಕುವ ಆಕ್ಸಿಮೀಟರ್ ಕೊಂಡ. ದಿನಕ್ಕೆ ಇಪ್ಪತ್ತು–ಮೂವತ್ತು ಸಲ ನೋಡುತ್ತಿದ್ದ. ನಾಡಿ ನೋಡಿದಾಗ ಎದೆ ಹಾರುತ್ತದೆ, ಹಾರಿದ್ದು ನೋಡಿ ಮತ್ತೆ ನೋಡುತ್ತಾನೆ. ಶಿರಾಡಿ ಘಾಟಿಯಲ್ಲಿ ಎರಡು ಸಲ ಗಾಬರಿ ಬಂದ ಮೇಲೆ ಸಕಲೇಶಪುರ ದಾಟುವುದನ್ನೇ ಬಿಟ್ಟ. ಘಾಟಿಯಲ್ಲಿ ಆಸ್ಪತ್ರೆ ದೂರ, ನೆಟ್‌ವರ್ಕ್ ಸಿಗದು ಎಂಬುದು ಅವನ ಲೆಕ್ಕ. ವಾರಕ್ಕೆ ಮೂರು ಟ್ರಿಪ್ ಇದ್ದದ್ದು ಸೊನ್ನೆಯಾಯಿತು, ಮೂರನೇ ಕಂತೂ ಬಾಕಿಯಾಯಿತು. ಎದೆನೋವಿಗಿಂತ ಈ ಬಿಟ್ಟುಬಿಡುವಿಕೆಯೇ ಕಾಯಿಲೆಯ ಮುಖ್ಯ ಭಾಗ. ಬರೀ ಗಾಬರಿ ಬಂದುಹೋದರೆ ಅದು ಪ್ಯಾನಿಕ್ ಅಟ್ಯಾಕ್. ಕಾರಣವಿಲ್ಲದೆ ಮತ್ತೆ ಮತ್ತೆ ಬಂದು, ಇನ್ನೊಂದು ಬಂದೀತೆಂಬ ಹೆದರಿಕೆಯೋ ನಡವಳಿಕೆಯ ಬದಲಾವಣೆಯೋ ಒಂದು ತಿಂಗಳು ಉಳಿದರೆ ಪ್ಯಾನಿಕ್ ಡಿಸಾರ್ಡರ್.

ನಡುವೆ ಮೆಡಿಕಲ್ ಶಾಪ್ ಒಂದರಲ್ಲಿ ಚೀಟಿಯಿಲ್ಲದೆ ಅಲ್ಪ್ರಜೋಲಾಮ್ ಎಂಬ, ಆತಂಕ ಇಳಿಸುವ ಆದರೆ ಅಭ್ಯಾಸವಾಗಿಬಿಡುವ ಮಾತ್ರೆ ಸಿಕ್ಕಿತು. ಅರ್ಧ ಗಂಟೆಯಲ್ಲಿ ಮೈ ಹಗುರ. ಮೂರು ವಾರ ದಿನಾ ನುಂಗಿದ. ಒಂದು ದಿನ ಮಾತ್ರೆ ಮುಗಿದು ನಿಂತಾಗ ಮೊದಲಿಗಿಂತ ಜೋರಾದ ನಡುಕ, ನಿದ್ದೆಯಿಲ್ಲದ ಎರಡು ರಾತ್ರಿ. ಅದನ್ನೂ ಹೃದಯವೆಂದೇ ತಿಳಿದ.

ಮಂಗಳವಾರದ ಕ್ಲಿನಿಕ್

ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ಅವನನ್ನು ಅಲ್ಲಿಗೆ ಕಳಿಸಿದ್ದು ಹೆಂಡತಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಮಾಡಿದ ಕರೆ. ಆತಂಕ ಅಳೆಯುವ ಏಳು ಪ್ರಶ್ನೆಯ ಜಿಎಡಿ–7ರಲ್ಲಿ 21ಕ್ಕೆ 16 ಬಂತು, 15 ಅಥವಾ ಅದಕ್ಕಿಂತ ಹೆಚ್ಚಾದರೆ ತೀವ್ರ.

ಮೊದಲ ಭೇಟಿಯಲ್ಲೇ ಆಪ್ತಸಮಾಲೋಚಕರು ಒಂದು ಕೆಲಸ ಮಾಡಿಸಿದರು. "ಒಂದು ನಿಮಿಷ ಬೇಕಂತಲೇ ಜೋರಾಗಿ ಉಸಿರಾಡಿ, ನಾನೂ ಆಡ್ತೀನಿ." ನಲವತ್ತನೇ ಸೆಕೆಂಡಿಗೆ ಅವನು ಕೈ ಎತ್ತಿ ನೋಡಿಕೊಂಡ. ಬೆರಳ ತುದಿ ಜುಮ್ಮೆನ್ನುತ್ತಿತ್ತು, ತುಟಿಯೂ. "ಅವತ್ತು ಹಿಂಗೇ ಶುರುವಾಗಿದ್ದು ಸಾರ್." ಎದುರಿಗೆ ಕೂತವರ ತುಟಿಯೂ ಜುಮ್ಮೆಂದಿತ್ತು, ಹಾಗೆಂದು ಹೇಳಿದರು. ಎಕೊ, ಟಿಎಂಟಿ ಮಾಡದ ಕೆಲಸವನ್ನು ಆ ಒಂದು ನಿಮಿಷ ಮಾಡಿತು. ದೇಹದ ಸಾಮಾನ್ಯ ಅನುಭವವನ್ನು ಸಾವಿನ ಸೂಚನೆಯೆಂದು ಓದುವುದೇ ಗಾಬರಿಯ ಬೇರು ಎಂದು ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಮಂಡಿಸಿದ್ದರು. ಈ ವ್ಯಾಯಾಮ ನಿಂತಿರುವುದು ಅದರ ಮೇಲೆ. ಮನೆಯಲ್ಲಿ ಮಾಡಲು ಕೊಟ್ಟದ್ದು ಮೂರು: ಒಂದು ನಿಮಿಷ ಜೋರು ಉಸಿರು, ಒಂದು ನಿಮಿಷ ಮೆಟ್ಟಿಲು ಹತ್ತಿ ಇಳಿಯುವುದು, ಮೂಗು ಮುಚ್ಚಿ ಸ್ಟ್ರಾದಲ್ಲಿ ಒಂದು ನಿಮಿಷ ಉಸಿರಾಟ. ಅಸ್ತಮಾ, ಮೂರ್ಛೆರೋಗ, ಹೃದ್ರೋಗ ಇದ್ದವರಿಗೆ, ಬಸುರಿಯರಿಗೆ ಇವನ್ನು ಹಾಗೇ ಹೇಳಬಾರದು. ಇವನಿಗೆ ಟಿಎಂಟಿ ಆಗಿದ್ದರಿಂದ ಹೇಳಿದರು.

ಔಷಧಿ ಆತಂಕಕ್ಕೂ ಖಿನ್ನತೆಗೂ ಕೊಡುವ ಎಸಿಟಲೋಪ್ರಾಮ್, ಒಂದು ವಾರ ದಿನಕ್ಕೆ 5 ಮಿಲಿಗ್ರಾಂ, ಆಮೇಲೆ 10. ಮೊದಲ ವಾರ ಈ ಮಾತ್ರೆಯಿಂದ ಆತಂಕ ಸ್ವಲ್ಪ ಏರಬಹುದು, ಹೊಟ್ಟೆ ತೊಳಸಬಹುದು. ಇದನ್ನು ಮೊದಲೇ ಹೇಳದಿದ್ದರೆ ಜನ ನಾಲ್ಕನೇ ದಿನಕ್ಕೆ ಬಿಟ್ಟುಬಿಡುತ್ತಾರೆ. ಹೇಳಿದ್ದರೂ ಇವನು ಐದನೇ ದಿನ ಬಿಟ್ಟ, ಮುಂದಿನ ಮಂಗಳವಾರ ಮತ್ತೆ ಹಿಡಿಸಿದರು. ಗುಣ ಕಾಣಲು ನಾಲ್ಕರಿಂದ ಆರು ವಾರ. ಅಲ್ಪ್ರಜೋಲಾಮ್ ಅನ್ನು ಒಮ್ಮೆಲೇ ನಿಲ್ಲಿಸದೆ, ಅದರ ಜಾಗದಲ್ಲಿ ನಿಧಾನವಾಗಿ ಕೆಲಸ ಮಾಡುವ ಕ್ಲೊನಜೆಪಾಮ್ ಇಟ್ಟು ನಾಲ್ಕು ವಾರದಲ್ಲಿ ಇಳಿಸಿದರು. ಕಾಫಿ ಆರರಿಂದ ಎರಡಕ್ಕೆ ಬಂತು, ಅದೂ ಮಧ್ಯಾಹ್ನದೊಳಗೆ.

ಘಾಟಿಗೆ ಮೆಟ್ಟಿಲು ಕಟ್ಟಿದರು. ಮೊದಲು ಖಾಲಿ ಗಾಡಿಯಲ್ಲಿ ಹೆಂಡತಿಯೊಂದಿಗೆ ದೋಣಿಗಾಲ್‌ವರೆಗೆ, ಎದೆ ಹಾರಿದರೂ ತಿರುಗದೆ ಅಲ್ಲೇ ಅರ್ಧ ಗಂಟೆ ನಿಲ್ಲುವುದು. ಮೂರು ಸಲ ಆದ ಮೇಲೆ ಮಾರನಹಳ್ಳಿ. ಆಮೇಲೆ ಕ್ಲೀನರ್ ಹುಡುಗನ ಜೊತೆ ಗುಂಡ್ಯ. ಕೊನೆಗೆ ಒಬ್ಬನೇ, ಲೋಡಿನೊಂದಿಗೆ. ಮೆಟ್ಟಿಲು ಏರಿದ್ದರೂ ನಾಲ್ಕನೇ ವಾರ ಕೆಲಸ ಕೆಟ್ಟಿತ್ತು. ಕೆದಕಿದಾಗ ಸಿಕ್ಕಿದ್ದು, ಡ್ಯಾಶ್‌ಬೋರ್ಡಿನಲ್ಲಿ ಅದೇ ಹಾರ್ಟ್ ಕಿಟ್, ಬೆರಳಲ್ಲಿ ಅದೇ ಆಕ್ಸಿಮೀಟರ್. ಅವು ಇದ್ದದ್ದರಿಂದ ಬದುಕಿದೆ ಎಂದು ಅವನ ಮನಸ್ಸು ಲೆಕ್ಕ ಬರೆಯುತ್ತಿತ್ತು. ಎರಡನ್ನೂ ಹೆಂಡತಿಯ ಬೀರುವಿಗೆ ಹಾಕಿಸಿದರು.

ಡಿಸೆಂಬರ್ ಹೊತ್ತಿಗೆ ಜಿಎಡಿ–7 ಅಂಕ 5. ವಾರಕ್ಕೆ ಎರಡು ಟ್ರಿಪ್ ನಡೆಯುತ್ತಿತ್ತು. ಒಮ್ಮೆ ಮಾರನಹಳ್ಳಿ ತಿರುವಿನಲ್ಲಿ ಗಾಬರಿ ಬಂತು. ಗಾಡಿ ಬದಿಗೆ ಹಾಕಿ, ಸ್ಟೇರಿಂಗ್ ಮೇಲೆ ಬೆರಳು ಜುಮ್ಮೆನ್ನುವುದನ್ನು ನೋಡುತ್ತ ಕೂತ, ಎಂಟು ನಿಮಿಷಕ್ಕೆ ಇಳಿಯಿತು, ಘಾಟಿ ಇಳಿಸಿದ. ಮಾತ್ರೆ ಕನಿಷ್ಠ ಇನ್ನು ಆರು ತಿಂಗಳು ಮುಂದುವರಿಯಬೇಕು, ಆಮೇಲೆ ಮೆಲ್ಲಗೆ ಇಳಿಕೆ.

ಈ ಗಲಾಟೆಯಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿದ ಒಂದು ಕಾಗದ ಫೈಲಿನ ಹಿಂಬದಿಯಲ್ಲಿತ್ತು. ಮೈಸೂರಿನಲ್ಲಿ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಕೆಟ್ಟ ಕೊಲೆಸ್ಟ್ರಾಲ್ 158 ಇತ್ತು, ಇರಬೇಕಾದದ್ದಕ್ಕಿಂತ ಹೆಚ್ಚು. ಎಕೊ ಸರಿಯಿದೆಯೆಂದು ಹೇಳುವ ಆತುರದಲ್ಲಿ ಅದನ್ನು ಯಾರೂ ಓದಿರಲಿಲ್ಲ. ಅದಕ್ಕೆ ಚಿಕಿತ್ಸೆ ಶುರುವಾದದ್ದೂ, ಹೊಗೆಸೊಪ್ಪು ಬಿಡಿಸುವ ಮಾತು ಎದ್ದದ್ದೂ ಐದು ತಿಂಗಳಾದ ಮೇಲೆ.